ಮೇಷ್ಟ್ರ ಬಾಯಿಗೆ ಬಾರದ ಪದ

ಮೊನ್ನೆ ಮಂಡ್ಯದಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹಿರಿಯರೊಬ್ಬರು ಕರ್ಚೀಪು ಕೊಡವಿದರು. ನೀಲಗಿರಿ ಎಣ್ಣೆಯ ವಾಸನೆ ಬಸ್ಸಿಗೆಲ್ಲ ಹರಡಿತು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇನ್ನಷ್ಟು ಎಳೆದುಕೊಂಡೆ... ನಮ್ಮ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತಂತಾಯಿತು.

ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ವಿದ್ಯುತ್ತು, ಆಮ್ಲ, ಪ್ರತ್ಯಾಮ್ಲ ಎಲ್ಲವನ್ನೂ ಪಕ್ಕದ ಕ್ಲಾಸಿಗೂ ಕೇಳುವಂತೆ ಗುಡುಗಿ ಪಾಠ ಮಾಡುತ್ತಿದ್ದವರು, ಸಂತಾನೋತ್ಪತ್ತಿಯ ಪಾಠ ಬಂತೆಂದರೆ ನೀಲಗಿರಿ ಎಣ್ಣೆಯ ಕರ್ಚೀಪನ್ನು ಮುಖಕ್ಕೆ ತಂದುಬಿಡುತ್ತಿದ್ದರು. ದಾಸವಾಳದ ಹೂವೊಂದನ್ನು ಸೀಳಿ ಅದರ ಮೇಲೇ ಎರಡು ವಾರ ಕಳೆದರು. ಕೊನೆಯ ದಿನ, "ಮನುಷ್ಯರಲ್ಲೂ ಹೆಚ್ಚುಕಮ್ಮಿ ಇದೇ. ಮನೇಲಿ ಓದ್ಕಳಿ" ಎಂದು ಬೆಲ್ಲು ಹೊಡೆಯುವ ಮೊದಲೇ ಹೊರಟುಹೋದರು. ಈ ವ್ಯವಹಾರಕ್ಕೆ ದುಂಬಿಯೂ ಬೇಕೆಂದು ನಮ್ಮ ಕ್ಲಾಸಿನ ಕೆಲವರು ಪಿಯುಸಿವರೆಗೂ ನಂಬಿದ್ದರು. ಆ ಕೆಲವರಲ್ಲಿ ನಾನಿರಲಿಲ್ಲ ಎಂದು ಹೇಳಲಾರೆ.

ಮದುವೆಯಾಗಿ ಮದ್ದೂರಿಗೆ ಬಂದ ಮಾರನೆಯ ದಿನ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದರೆ, ಮೋಟು ಗೋಡೆಯ ಆಚೆ ಮೇಷ್ಟ್ರು ನಿಂತಿದ್ದರು! ರಿಟೈರಾಗಿ ಪಕ್ಕದ ಮನೆಯಲ್ಲೇ ಇದ್ದರು. ನುಗ್ಗೆ ಮರ ಅವರದು, ಅದರ ಎಲೆ ಉದುರುವ ಅಂಗಳ ನಮ್ಮದು. ಹಾಗಾಗಿ ನಮ್ಮತ್ತೆಗೂ ಅವರಿಗೂ ದಿನಕ್ಕೊಂದು ಜಗಳ ಗ್ಯಾರಂಟಿ. ಜಗಳ ಮುಗಿದ ಮೇಲೆ ಅದೇ ಗೋಡೆಯ ಮೇಲಿಂದ ಅತ್ತೆ ಸಾರು ಕೊಡುತ್ತಿದ್ದರು, ಮೇಷ್ಟ್ರು ನುಗ್ಗೆಕಾಯಿ ಕೊಡುತ್ತಿದ್ದರು.

ಗರ್ಭಪಾತದ ಕಾನೂನು ತಿದ್ದುಪಡಿಯಾಗಿ ಟೀವಿಯಲ್ಲೆಲ್ಲ ಅದೇ ಚರ್ಚೆ ನಡೆಯುತ್ತಿದ್ದ ಕಾಲ. ನಮ್ಮೂರಿನ ಮಹಿಳಾ ಸಂಘದವರೂ ಒಂದು ಚರ್ಚಾಕೂಟ ಇಟ್ಟರು. 'ಜೀವ ಆರಂಭವಾಗುವುದು ಯಾವಾಗ?' ಎಂದು ದೊಡ್ಡ ಬ್ಯಾನರು. ವಿಜ್ಞಾನದವರು ಅಂತ ಮೇಷ್ಟ್ರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ವಿಷಯ ಏನೆಂದು ಕೇಳದೆ ಒಪ್ಪಿಕೊಂಡಿದ್ದರೆಂದು ಕಾಣುತ್ತದೆ. ವೇದಿಕೆ ಹತ್ತಿ ಬ್ಯಾನರು ಓದಿದವರ ಮುಖ ನೋಡಬೇಕಿತ್ತು... ಸಾಲದ್ದಕ್ಕೆ ಮೊದಲ ಸಾಲಿನಲ್ಲಿ ಮೂರು ತಿಂಗಳ ಬಸುರಿ ನಾನು ಕೂತಿದ್ದೆ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸಿರು ಅದು.

"ಇವತ್ತಿನ ಚರ್ಚೆ... ಮೇಲೆ ಬರ್ದವ್ರಲ್ಲಾ, ಆ ವಿಷಯ" ಎಂದು ಮೇಷ್ಟ್ರು ಶುರುಮಾಡಿದರು. ಸಭೆಯೆಲ್ಲ ಕತ್ತೆತ್ತಿ ಬ್ಯಾನರು ನೋಡಿತು. ಮಂಡ್ಯದಿಂದ ಬಂದ ವಕೀಲೆಯೊಬ್ಬರು ಹೆಂಗಸಿನ ದೇಹ ಹೆಂಗಸಿನದೇ ಎಂದು ಕಾನೂನು ವಿವರಿಸಿದರು. ಕಾಲೇಜು ಹುಡುಗನೊಬ್ಬ ಎದ್ದು, ಜೀವ ಅನ್ನುವುದು ಮೊದಲ ಕ್ಷಣದಿಂದಲೇ ಇರುತ್ತದೆ, ಅದನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲ ಎಂದ. "ಅಂದರೆ, ಗಂಡು ಹೆಣ್ಣು ಕೂಡಿದ..." ಎಂದು ಅವನು ಬಿಡಿಸಿ ಹೇಳಲು ಹೊರಟಾಗ ಮೇಷ್ಟ್ರು ಗಂಟೆ ಬಾರಿಸಿಬಿಟ್ಟರು. ಹುಡುಗನ ಸಮಯ ಇನ್ನೂ ಅರ್ಧ ಉಳಿದಿತ್ತು.

ಸಭಿಕರು ಮಾತಾಡಬಹುದು ಎಂದಾಗ ನಮ್ಮತ್ತೆ ಎದ್ದು ನಿಂತರು. ನಾನು ಸೆರಗು ಜಗ್ಗಿದೆ, ಕೂರಲಿಲ್ಲ.

"ನಂದು ನಾಕು ಎರಿಗೆ. ಅವುಕ್ಕೆ ಯಾವಾಗ ಜೀವ ಬಂತೋ ನಂಗೊತ್ತಿಲ್ಲ ಕಣಪ್ಪ. ಒಂದೊಂದ್ಸಲಾನೂ ನನ್ ಜೀವ ಓಗಿ ಬಂದಿದ್ ಮಾತ್ರ ಗೊತ್ತು."

ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಅಧ್ಯಕ್ಷರ ತೀರ್ಮಾನ ಹೇಳಬೇಕಿತ್ತು. ಮೇಷ್ಟ್ರು ಮೈಕಿನ ಮುಂದೆ ಕರ್ಚೀಪು ಹಿಡಿದು, "ಎಲ್ರೂ ಚೆನ್ನಾಗಿ ಮಾತಾಡಿದ್ರಿ. ಆ ವಿಷಯ ದೊಡ್ಡ ವಿಷಯ. ಉಪ್ಪಿಟ್ಟು ಆರೋಯ್ತದೆ" ಎಂದು ಸಭೆ ಮುಗಿಸಿದರು.

ಐದು ತಿಂಗಳ ಹೊತ್ತಿಗೆ ಮಾಡುವ ಸ್ಕ್ಯಾನಿಗೆ ನಾನೂ ನನ್ನ ಗಂಡನೂ ಮಂಡ್ಯಕ್ಕೆ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಮಗುವಿನ ತಲೆಬುರುಡೆಯೇ ಮೂಡಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದರು. ಗರ್ಭ ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ, ಮುಂದುವರಿಸುವುದಾದರೂ ಅದು ನಿಮ್ಮಿಷ್ಟ, ಒಪ್ಪಿಗೆ ಕೊಡಬೇಕಾದವರು ನೀವೊಬ್ಬರೇ ಎಂದು ನನ್ನ ಕೈ ಹಿಡಿದು ಹೇಳಿದರು.

ನಾನೊಬ್ಬಳೇ! ಮಾರನೆಯ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂಡೂರಿನಿಂದ ನನ್ನ ಗಂಡನ ದೊಡ್ಡಪ್ಪ ಬಂದಿದ್ದರು. ಮಳವಳ್ಳಿಯ ನೆಂಟರು ಫೋನಿನ ಸ್ಪೀಕರಿನಲ್ಲಿದ್ದರು. ಒಬ್ಬರು ಮೈಸೂರಿನಲ್ಲಿ ಇನ್ನೊಂದು ಸ್ಕ್ಯಾನು ಮಾಡಿಸಿ ಅಂದರು, ಇನ್ನೊಬ್ಬರು ಹರಕೆ ಕಟ್ಟಿಕೊಳ್ಳಿ ಅಂದರು. ನಮ್ಮ ಸೀಮೆಯಲ್ಲಿ ತೆಗೆಸುವ ಮಾತೆತ್ತಿದರೆ ಹೆಣ್ಣು ಮಗುವೇ ಇರಬೇಕು ಅನ್ನುವ ಅನುಮಾನ ಮೊದಲು ಬರುತ್ತದೆ. ಆ ಮಾತನ್ನೂ ಯಾರೋ ಮೆಲ್ಲಗೆ ಆಡಿದರು.

ದೊಡ್ಡಪ್ಪ ಕುರಿ ಸಾಕಿದವರು. ಅವರ ವಾದವೂ ಅಲ್ಲಿಂದಲೇ ಬಂತು. "ನಮ್ಮಟ್ಟೀಲಿ ಒಂದ್ ಮರಿ ಉಳಿಯಾಕಿಲ್ಲ ಅಂದಿದ್ರು ಡಾಕ್ಟ್ರು. ಇವತ್ತು ಟಗರಾಗಿ ನನ್ನೇ ಗುಮ್ತದೆ. ಜೀವ ಕೊಟ್ಟೋನ್ಗೆ ಗೊತ್ತು, ತೆಗೆಯಾಕೆ ನಾವ್ಯಾರ್ಲಾ?"

ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ನನ್ನ ಗಂಡ ಬಾಗಿಲಿಗೊರಗಿ ಮೊಬೈಲು ನೋಡುತ್ತ ನಿಂತಿದ್ದರು. ಮೊಬೈಲು ಆಫಾಗಿತ್ತು. ನಾನು ಎಲ್ಲರಿಗೂ ಟೀ ಕೊಡುತ್ತಿದ್ದೆ.

ಗದ್ದಲ ಕೇಳಿ ಮೇಷ್ಟ್ರು ಬಂದರು. ಬಂದವರನ್ನು ದೊಡ್ಡಪ್ಪ ಕೂರಲೂ ಬಿಡಲಿಲ್ಲ. "ಬನ್ನಿ ಮೇಷ್ಟ್ರೇ, ನೀವೇ ಯೋಳಿ. ಜೀವ ಯಾವಾಗ ಬತ್ತದೆ?"

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಕರ್ಚೀಪು ಹೊರಬಂತು. ಇನ್ನೇನು 'ಆ ವಿಷಯ' ಅನ್ನುತ್ತಾರೆ ಎಂದುಕೊಂಡೆ.

"ನಂಗೊತ್ತಿಲ್ಲ ಯಜಮಾನ್ರೇ" ಎಂದರು ಅವರು. "ಆದ್ರೆ ಗರ್ಭಪಾತ..." ಅಷ್ಟಕ್ಕೆ ಕರ್ಚೀಪು ಬಾಯಿಗೆ ಹೋಯಿತು. ಕೆಮ್ಮಿ, ಕ್ಲಾಸಿನಲ್ಲಿ ಗುಡುಗುತ್ತಿದ್ದ ಅದೇ ದನಿಯಲ್ಲಿ ಮತ್ತೆ ಹೇಳಿದರು: "ಗರ್ಭಪಾತ ಬೇಕೋ ಬ್ಯಾಡ್ವೋ ಅಂತ ಆ ಹೆಣ್ಮಗೀನ ಕೇಳಿದ್ರಾ? ಇಲ್ಲೇ ಅವ್ಳೆ, ನಿಮ್ಗೆ ಟೀ ಕೊಟ್ಕಂಡು!"

ಆ ಪದದ ಸದ್ದಿಗೆ ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಮೇಷ್ಟ್ರ ಕಿವಿ ಕೆಂಪಗಾಗಿತ್ತು. ನನ್ನ ಕಡೆ ತಿರುಗಿ, "ಏನವ್ವ, ನಿನ್ ಮನಸ್ನಲ್ಲಿ ಏನದೆ? ಯಾವ್ದಾದ್ರೂ ಸರಿ, ಯೋಳು" ಎಂದರು.

ನಾನು ಟೀ ತಟ್ಟೆ ಕೆಳಗಿಟ್ಟೆ. ಅದು ನನ್ನ ಮಗು, ಮಿಸುಕಾಡುವುದು ನನಗೆ ತಿಳಿಯುತ್ತದೆ, ಜೀವ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ ಅಂದೆ. ಆದರೆ ಸಾಯುವುದಕ್ಕೆಂದೇ ಇನ್ನೂ ನಾಲ್ಕು ತಿಂಗಳು ಬೆಳೆಸಲು ನನ್ನ ಕೈಲಾಗುವುದಿಲ್ಲ ಅಂದೆ. ಅಷ್ಟು ಹೇಳುವುದಕ್ಕೆ ಎಷ್ಟು ಹೊತ್ತಾಯಿತೋ ಕಾಣೆ.

"ನಾನ್ ಒಪ್ಪಾಕಿಲ್ಲ" ಎಂದರು ದೊಡ್ಡಪ್ಪ, ಮೆಲ್ಲಗೆ.

"ನೀನ್ ಒಪ್ಬ್ಯಾಡ ಬುಡು ಭಾವ" ಎಂದರು ಅತ್ತೆ. "ಅವ್ಳ ಜೊತೆ ನಾನು ಓಯ್ತೀನಿ."

ಆಸ್ಪತ್ರೆಗೆ ಮೇಷ್ಟ್ರೂ ಬಂದರು. ಹೆರಿಗೆ ವಾರ್ಡಿನ ಹೊರಗೆ ಹೆಂಗಸರ ನಡುವೆ ಕರ್ಚೀಪು ಹಿಡಿದು ಕೂತಿದ್ದವರನ್ನು ನರ್ಸು ವಿಚಾರಿಸಿದ್ದನ್ನು ನಾನು ಒಳಗಿನಿಂದಲೇ ಕೇಳಿಸಿಕೊಂಡೆ.

"ಪೇಷಂಟ್‌ಗೆ ನೀವೇನಾಗ್ಬೇಕು?"

"ಮೇಷ್ಟ್ರು."

"ಅಲ್ಲ ಸಾರ್, ಸಂಬಂಧ ಏನು?"

"ಪಾಠ ಮಾಡಿದ್ದೆ ಕಣಮ್ಮ... ಪೂರ್ತಿ ಮಾಡಿರ್ಲಿಲ್ಲ."

ಆ ನೋವಿನಲ್ಲೂ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅತ್ತೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಮಗುವನ್ನು ಎಲ್ಲಿ ಮಣ್ಣು ಮಾಡುವುದು ಅನ್ನುವ ಮಾತು ಬಂದಾಗ ದೊಡ್ಡಪ್ಪನೇ ಫೋನು ಮಾಡಿದರು. "ನಮ್ ಒಲಕ್ಕೆ ತಗಂಡ್ ಬನ್ನಿ. ನಾನು ಗುಂಡಿ ತೋಡ್ಸಿವ್ನಿ." ಅವರು ಕೊನೆಯವರೆಗೂ ಒಪ್ಪಲಿಲ್ಲ, ಆದರೆ ಮಣ್ಣು ಹಾಕುವಾಗ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ ಎಂದು ಮೇಷ್ಟ್ರು ಆಮೇಲೆ ಗೋಡೆಯ ಆಚೆಯಿಂದ ಹೇಳಿದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಮನೆಗೆ ಬಾಡಿಗೆಗೆ ಬಂದವರು ಒಳ್ಳೆಯ ಜನ. ಅಂಗಳದ ಎಲೆಯನ್ನು ಅವರೇ ಬಂದು ಗುಡಿಸಿಕೊಂಡು ಹೋಗುತ್ತಾರೆ. ಅತ್ತೆಗೆ ಜಗಳಕ್ಕೆ ಯಾರೂ ಇಲ್ಲ.

ಮೊನ್ನೆ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆಮೇಲೆ ಹುಟ್ಟಿದ ನನ್ನ ಮಗಳು ಪಕ್ಕದಲ್ಲಿ ಸಿಪ್ಪೆ ಗುಡ್ಡೆ ಹಾಕುತ್ತಿದ್ದಳು. "ಮೇಷ್ಟ್ರು ನೆನಪಾದ್ರು ಅತ್ತೆ" ಅಂದೆ. ಅತ್ತೆ ಸರಿದು ಜಾಗ ಕೊಟ್ಟರು.

"ಆ ಮಗು ಇದ್ದಿದ್ರೆ ಈ ವರ್ಷ ಇಸ್ಕೂಲ್ಗೆ ಸೇರುಸ್ಬೇಕಿತ್ತು ಕಣವ್ವ" ಎಂದರು, ಕಾಯಿಯಿಂದ ಕಣ್ಣೆತ್ತದೆ.

ಇಷ್ಟು ವರ್ಷದಲ್ಲಿ ಅವರು ಆ ಮಗುವಿನ ಮಾತೆತ್ತಿದ್ದು ಅದೇ ಮೊದಲು. "ಹೂಂ ಅತ್ತೆ" ಎಂದು ನಾನೂ ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡೆ.