ಉರಿಯದ ಬಾಯ್ಲರ್, ಏಳು ತಿಂಗಳ ಕೂಸು

ಅವತ್ತು ಮನೆಯಲ್ಲಿದ್ದವರು ಕೂಸನ್ನೂ ಸೇರಿಸಿ ಐದೇ ಜನ. ಕೋಣೆಯಲ್ಲಿ ನನ್ನ ಹೆಂಡತಿ, ಅವಳ ಮಗ್ಗುಲಲ್ಲಿ ಏಳು ತಿಂಗಳಿಗೇ ಹುಟ್ಟಿದ ನಮ್ಮ ಮಗಳು. ಬಚ್ಚಲಲ್ಲಿ ನಾನು ಮತ್ತು ಸಿರುಗುಪ್ಪದಿಂದ ಬಂದಿದ್ದ ನನ್ನ ಅಕ್ಕ. ಕೋಣೆಗೂ ಬಚ್ಚಲಿಗೂ ನಡುವೆ ಓಡಾಡುತ್ತಿದ್ದವರು, ಬೆಳಿಗ್ಗೆಯಷ್ಟೇ ಕುರುಗೋಡಿನಿಂದ ಬಂದಿಳಿದ ನನ್ನ ಅತ್ತೆ. ಚೊಚ್ಚಲ ಹೆರಿಗೆ ಅವರ ಮನೆಯಲ್ಲೇ ಆಗಬೇಕಿತ್ತು. ಕೂಸು ಅಷ್ಟು ದಿನ ಕಾಯಲಿಲ್ಲ.

ಬಳ್ಳಾರಿಯಲ್ಲಿ ಎಂಥ ಚಳಿ ಎಂದು ನಗಬೇಡಿ. ಪುಷ್ಯಮಾಸದ ಗಾಳಿ ಕಂಟೋನ್ಮೆಂಟಿನ ಬಯಲು ದಾಟಿ ಬಂತೆಂದರೆ ದೊಡ್ಡವರ ಹಲ್ಲೇ ಕಟಕಟ ಎನ್ನುತ್ತಿತ್ತು. "ಬೆಚ್ಚಗಿಟ್ಟರೆ ಉಳಿದೀತು" ಎಂದಷ್ಟೇ ಡಾಕ್ಟರಮ್ಮ ಹೇಳಿ ಹೋಗಿದ್ದರು. ಔಷಧದ ಸೀಸೆಗಳಿಗೆ ಬಿಸಿನೀರು ತುಂಬಿ, ಹಳೇ ಸೀರೆ ಸುತ್ತಿ ಕೂಸಿನ ಎರಡೂ ಪಕ್ಕ ಇಡುತ್ತಿದ್ದೆವು. ನೀರು ಬಚ್ಚಲಿನ ತಾಮ್ರದ ಬಾಯ್ಲರಿನದು. ದೇಶ ಬಿಟ್ಟು ಹೊರಟ ಬಿಳಿ ದೊರೆಯೊಬ್ಬನ ಸಾಮಾನು ಹರಾಜಾದಾಗ ತಂದದ್ದು. ಕೆಳಗೆ ಬೆಂಕಿ, ನಡುವೆ ಹೊಗೆ ಏರುವ ಕೊಳವೆ. ಅದು ಉರಿದರೆ ನಡುಗೋಡೆ ಕಾದು ಬಾಣಂತಿ ಕೋಣೆಯೂ ಬೆಚ್ಚಗಾಗುತ್ತಿತ್ತು.

ಅತ್ತೆ ಬಂದವರೇ, ಬಾಣಂತಿಗೆ ಗಾಳಿ ತಾಕಬಾರದೆಂದು ಮನೆಯ ಸಂದುಗೊಂದಿಗಳನ್ನೆಲ್ಲ ಮುಚ್ಚಿದ್ದರು. ಅವರ ಕಡೆ ಅದು ಮೊದಲ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಬಾಯ್ಲರ್ ನಂದಿತು.

ಬೂದಿ ಬಳಿದೆ. ಹತ್ತಿಕಟ್ಟಿಗೆ ಹಸಿಯಿರಬೇಕೆಂದು ಜಾಲಿ ಒಟ್ಟಿದೆ. ಸೀಮೆಎಣ್ಣೆ ಚಿಮುಕಿಸಿದೆ, ಭಗ್ಗೆಂದು ಎದ್ದು ಮತ್ತೆ ಹೊಗೆಯಾಯಿತು. ಕೊಳವೆಗೆ ಬಿದಿರಿನ ಗಳ ತೂರಿಸಿ ಕೆರೆದೆ. ತಲೆಯ ಮೇಲೆ ಮಸಿ ಸುರಿಯಿತು, ಬೆಂಕಿ ಹೊತ್ತಲಿಲ್ಲ. ಅಡುಗೆಮನೆಯ ಸೀಮೆಎಣ್ಣೆ ಸ್ಟೋವಿನ ಮೇಲೆ ಒಂದು ಪಾತ್ರೆ ಕಾಯುವಷ್ಟರಲ್ಲಿ ಕೂಸಿನ ಪಕ್ಕದ ಸೀಸೆಗಳು ತಣ್ಣಗಾಗುತ್ತಿದ್ದವು.

"ರೀ, ಇದು ಅಳಾಕ ಹತ್ತಿಲ್ರೀ," ಗೋಡೆಯಾಚೆಯಿಂದ ಹೆಂಡತಿ. "ಕಾಲು ತಣ್ಣಗಾಗ್ಯಾವ."

ನಾನು ಊದುತ್ತಲೇ ಇದ್ದೆ. ಕಣ್ಣಲ್ಲಿ ನೀರು, ಹೊಗೆಯದೋ ನನ್ನದೋ.

ಅತ್ತೆ ಪಕ್ಕದ ಮನೆಯಿಂದ ಕೆಂಡ ತರಲು ಬಚ್ಚಲಿನ ಹಿಂಬಾಗಿಲು ತೆರೆದು ಹೋದರು. ಜಾಲಿ ಚಟಪಟ ಎಂದು ಹತ್ತಿಕೊಂಡಿತು. ಅವರು ಬಂದು ಬಾಗಿಲು ಹಾಕಿ ಅಗಳಿ ಜಡಿದರು. ಉರಿ ಕುಗ್ಗಿತು. ಇನ್ನಷ್ಟು ಕೆಂಡಕ್ಕೆಂದು ಹೋದರು, ಉರಿಯಿತು, ಬಂದರು, ಸತ್ತಿತು.

"ಏನ್ರೀ ಬೀಗ್ರ, ಬೆಂಕಿನೂ ನಿಮಗ ಅಂಜತೈತಲ್ಲ!" ಅಕ್ಕ ಚುಚ್ಚಿದಳು. "ನೀವು ಹೊರಗ ಹೋದ್ರ ಉರಿತೈತಿ, ಒಳಗ ಬಂದ್ರ ಸಾಯ್ತೈತಿ. ಹೊರಗ ಕುಂದರ್ರಿ ಹಂಗಾರ."

ಅತ್ತೆಯ ಮುಖ ಕೆಂಪಾಯಿತು. ನಾನು ಅವರನ್ನಲ್ಲ, ಬಾಗಿಲನ್ನು ನೋಡಿದೆ. ಆಮೇಲೆ ಗವಾಕ್ಷಿಯನ್ನು. ಅದರ ತುಂಬ ಗೋಣಿಚೀಲ. ನೀರು ಹೋಗುವ ತೂಬಿನಲ್ಲೂ ಅರಿವೆ. ಬೆಂಕಿಗೆ ಉಸಿರೇ ಇರಲಿಲ್ಲ.

ಎದ್ದು ಗೋಣಿಗೆ ಕೈ ಹಾಕಿದೆ. ಅತ್ತೆ ಅಡ್ಡ ಬಂದರು.

"ತೆಗಿಬ್ಯಾಡ್ರಿ ಅಳಿಯಂದ್ರ! ಗಾಳಿ ಹೊಕ್ಕರ ನನ್ನ ಮಗಳು ಉಳಿಯಂಗಿಲ್ಲ."

"ತೆಗಿಲಿಲ್ಲಂದ್ರ ನನ್ನ ಮಗಳು ಉಳಿಯಂಗಿಲ್ರೀ."

ಅವರು ನನ್ನನ್ನೇ ದಿಟ್ಟಿಸಿದರು. ಅವರ ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ಅದು ನನಗೂ ಗೊತ್ತಿತ್ತು. ತಾವೇ ಗೋಣಿ ಎಳೆದರು. ಮೈಮೇಲಿನ ಶಾಲು ತೆಗೆದು ಬಚ್ಚಲಿಗೂ ಕೋಣೆಗೂ ನಡುವಿನ ಬಾಗಿಲಿಗೆ ಇಳಿಬಿಟ್ಟರು.

ಕೊಳವೆ ಗುಂಯ್ ಎಂದಿತು. ನೀರು ಕಾಯಿತು, ಸೀಸೆಗಳು ತುಂಬಿದವು. ನಾವು ಮೂವರೂ ಮಸಿ ಮೆತ್ತಿಕೊಂಡು ಹೊಸ್ತಿಲಲ್ಲಿ ಕೂತೆವು. ಏನೂ ಕೇಳಿಸಲಿಲ್ಲ. ಅಕ್ಕ ಚುಚ್ಚುಮಾತು ಮರೆತು ಅತ್ತೆಯ ಕೈ ಹಿಡಿದಿದ್ದಳು. ಗೋಡೆ ಬೆಚ್ಚಗಾಗಿ ಬಹಳ ಹೊತ್ತಾದ ಮೇಲೆ ಒಳಗಿನಿಂದ ಬೆಕ್ಕಿನಮರಿಯಂಥ ಒಂದು ದನಿ ಬಂತು.

ಬೇಸಿಗೆ ಕಳೆದ ಮೇಲೆ ಮಗಳನ್ನು ಕುರುಗೋಡಿಗೆ ಕರೆದೊಯ್ದೆವು. ಬಸ್ಸಿನಲ್ಲಿ ಅತ್ತೆ ಕೂಸಿನ ಕಿವಿಗೆ ಕುಲಾವಿ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಕೂತರು. ಪಕ್ಕದ ಕಿಟಕಿಯನ್ನು ಮುಚ್ಚಲಿಲ್ಲ.