ಕೋಟಪ್ಪನಿಗಾಗಿ ಕತ್ತರಿಸಿದ ತೋಳು

ನಮ್ಮ ಬೀದಿಯ ಟೈಲರಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹರಟೆ ಹೊಡೆಯಬಲ್ಲವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವಾಗ, ಅತ್ತೆ ಕಿಟಕಿ ಪಕ್ಕ ಕೂತು ಗುಂಡಿ ಹಚ್ಚಿಕೊಡುತ್ತಾರೆ.

ಟೈಲರಮ್ಮನ ತಮ್ಮ ಮನೆ ಬದಲಿಸುವಾಗ ತನ್ನ ಮೀನಿನ ತೊಟ್ಟಿಯನ್ನು ಅಕ್ಕನ ತಲೆಗೆ ಕಟ್ಟಿ ಹೋದ. ಒಳಗಿದ್ದದ್ದು ಒಂದೇ ಮೀನು. ಎಲ್ಲಿಯದೋ ದೂರದ ಬಿಸಿನಾಡಿನ ನದಿಯ ಜಾತಿ. ಮೈತುಂಬ ಗಟ್ಟಿ ಮೂಳೆಯ ಬಿಲ್ಲೆಗಳು, ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆಯುವುದೇ ಕೆಲಸ.

“ಊರಿಗೆಲ್ಲ ನಾನು ಬಟ್ಟೆ ಹೊಲೀತೀನಿ. ಇವನು ನೋಡಿ, ಹುಟ್ಟುವಾಗಲೇ ಕೋಟು ಹಾಕ್ಕೊಂಡು ಬಂದಿದಾನೆ!” ಎಂದು ಟೈಲರಮ್ಮ ಅದಕ್ಕೆ ಕೋಟಪ್ಪ ಎಂದು ಹೆಸರಿಟ್ಟರು. ಬೆರಳುದ್ದ ಇದ್ದವನು ನೋಡನೋಡುತ್ತ ಗೇಣು ದಾಟಿ ಬೆಳೆದ.

ಅತ್ತೆಗೆ ಮಾತ್ರ ಅವನನ್ನು ಕಂಡರಾಗದು. “ಮುದ್ದು ಮಾಡೋಕೂ ಆಗಲ್ಲ, ಮಾತಾಡ್ಸೋಕೂ ಆಗಲ್ಲ. ಹೊಳೆಗೆ ಬಿಟ್ಟು ಬಾರೇ.”

“ಅಲ್ಲಿನ ಮೀನುಗಳ ಹೊಟ್ಟೆ ಮೇಲೆ ಹೊಡೀತಾನೆ ಅತ್ತೆ. ಇಲ್ಲೇ ಇರಲಿ ಬಿಡಿ.”

ಒಂದು ಮಧ್ಯಾಹ್ನ ನೀರು ಬದಲಿಸಲೆಂದು ಮುಚ್ಚಳ ತೆಗೆದದ್ದೇ ತಡ, ಕೋಟಪ್ಪ ಚಂಗನೆ ಹಾರಿ, ಇಸ್ತ್ರಿ ಮಾಡಿಟ್ಟಿದ್ದ, ಪಕ್ಕದ ಬೀದಿಯ ನರ್ಸಮ್ಮನ ರೇಷ್ಮೆ ಅಂಗಿಯ ಮೇಲೆ ಬಿದ್ದ. ಒದ್ದಾಡಿದಷ್ಟೂ ಈಜುರೆಕ್ಕೆಯ ಮುಳ್ಳುಗಳು ಅಂಗಿಯ ತೋಳಿಗೆ ಸಿಕ್ಕಿಕೊಂಡವು.

“ಏನೇ ನೋಡ್ತಾ ನಿಂತಿದೀಯ? ಕತ್ತರಿ ತಗೋ!” ಗುಂಡಿಯ ಡಬ್ಬಿ ಚೆಲ್ಲಿಕೊಂಡು ಅತ್ತೆ ಎದ್ದು ಬಂದರು. ಒದ್ದೆ ಟವೆಲಿನಲ್ಲಿ ಮೀನನ್ನು ತಾವೇ ಅದುಮಿ ಹಿಡಿದರು.

“ಅತ್ತೆ, ಸಂಜೆ ಕೊಡಬೇಕಾದ ಅಂಗಿ...”

“ಅಂಗಿ ಮತ್ತೆ ಹೊಲೀಬಹುದು. ಪಾಪ, ಬಾಯಿ ಬಾಯಿ ಬಿಡ್ತಿದೆ ಕಣೇ!”

ತೋಳು ತುಂಡಾಯಿತು. ನೀರಿಗಿಳಿದ ಕೋಟಪ್ಪ ಸ್ವಲ್ಪ ಹೊತ್ತು ಕಲ್ಲಿನಂತೆ ಬಿದ್ದಿದ್ದು, ಆಮೇಲೆ ಮೆಲ್ಲಗೆ ಗಾಜಿಗೆ ಅಂಟಿಕೊಂಡ. ಅತ್ತೆ ಕಣ್ಣೊರೆಸಿಕೊಂಡರು. ಸೊಸೆ ನೋಡಿದ್ದು ಗೊತ್ತಾಗಿ, “ನೀರು ಹಾರಿತು,” ಎಂದರು.

ಸಂಜೆ ನರ್ಸಮ್ಮ ಬಂದಾಗ ಟೈಲರಮ್ಮ ಒಂದೇ ಉಸಿರಿಗೆ ನಡೆದದ್ದೆಲ್ಲ ಹೇಳಿ, ಬೇರೆ ಬಟ್ಟೆ ತಂದು ಹೊಲಿದುಕೊಡುತ್ತೇನೆ ಎಂದರು. ನರ್ಸಮ್ಮ ಮುಖ ಊದಿಸಿಕೊಂಡೇ ತೊಟ್ಟಿಯ ಬಳಿ ಹೋಗಿ ಬಗ್ಗಿ ನೋಡಿದರು.

“ರೋಗಿ ಹುಷಾರಾಗಿದಾನಾ?”

“ಬಾಲ ಆಡಿಸ್ತಿದಾನೆ.”

“ಹಾಗಾದ್ರೆ ಇನ್ನೊಂದು ತೋಳನ್ನೂ ಕತ್ತರಿಸಿಬಿಡಿ. ಈ ಸೆಕೆಗೆ ತೋಳಿಲ್ಲದ್ದೇ ವಾಸಿ!”

ಮೂವರಿಗೂ ನಗು ತಡೆಯಲಾಗಲಿಲ್ಲ. ಮರುದಿನ ಸೊಸೆಯ ತಮ್ಮನಿಗೆ ಫೋನು ಮಾಡಿದವರು ಅತ್ತೆಯೇ. “ಎಂಥಾ ಡಬ್ಬಿ ಕೊಟ್ಟು ಹೋಗಿದೀಯೋ? ಮಗು ಮಗ್ಗುಲು ಬದಲಿಸೋಕೂ ಜಾಗ ಇಲ್ಲ. ದೊಡ್ಡದು ತಂದ್ರೆ ಮಾತ್ರ ಒಳಗೆ ಬಾ.”