ಶಾಲು ಹೊದಿಸುವ ಸಂಘ

ಕೋಪ ಬಂದರೆ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಸೀನುತ್ತೇನೆ. ಹಿರಿಯೂರಿಗೆ ಹೊಸದಾಗಿ ಬಂದಿರುವ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸಿಗೆ ಇದರಿಂದ ಅನುಕೂಲವೇ. ನೋಡಿದವರು ನೆಗಡಿ ಎಂದುಕೊಂಡು ಸುಮ್ಮನಾಗುತ್ತಾರೆ. ಈಚೆಗಂತೂ ಜರಿ ಶಾಲು ಕಂಡರೆ ಸಾಕು, ಮೂಗು ತುರಿಸತೊಡಗುತ್ತದೆ.

ನಮ್ಮದು ಕುರಿ ಕಾಯುವ ಜನ. ಮಕ್ಕಳು ಓದಲಿ ಎಂದು ಹಿರಿಯರು ದುರ್ಗದಲ್ಲಿ ಒಂದು ಸಂಘ ಕಟ್ಟಿದರು. ವರ್ಷಕ್ಕೊಮ್ಮೆ ಪ್ರತಿ ಮಂದೆಯಿಂದ ಸಂಘಕ್ಕೊಂದು ಮರಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಟ್ಟಿಗಳವರು ಕೊಬ್ಬಿದ ಮರಿಯನ್ನೇ ಆರಿಸಿ ಕೊಡುತ್ತಾರೆ. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಕಾಲೇಜಿನ ಫೀಜು ಕಟ್ಟುವುದು, ಯಾರು ಎಲ್ಲಿ ಏನು ಓದಿದರೆ ಒಳ್ಳೆಯದೆಂದು ದಾರಿ ಹೇಳುವುದು ಸಂಘದ ಕೆಲಸ. ಆದರೆ ನಮ್ಮ ಪದಾಧಿಕಾರಿಗಳಿಗೆ ದಾರಿಗಿಂತ ವೇದಿಕೆ ಇಷ್ಟ. ಶಾಮಿಯಾನ, ಹಾರ, ಹೋಳಿಗೆ ಊಟ, ಪಾಸಾದವರಿಗೆಲ್ಲ ಶಾಲು. ಬಿಸಿಲಲ್ಲಿ ಮಂದೆಯ ಹಿಂದೆ ಅಲೆದವರ ಮರಿಗಳು ಹೀಗೆ ಖರ್ಚಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಂದ್ರವಳ್ಳಿಯ ಬಂಡೆಯ ಮೇಲೆ ಹಳೆಯ ಕಾಲದ ರಾಜನೊಬ್ಬ ಕೆರೆ ಕಟ್ಟಿಸಿದ್ದನ್ನು ಕೆತ್ತಿಸಿದ್ದಾನೆ. ಮೊದಲು ಕೆರೆ, ಆಮೇಲೆ ಅಕ್ಷರ. ನಮ್ಮ ಅಧ್ಯಕ್ಷರು ಆ ಕಾಲದಲ್ಲಿ ಇದ್ದಿದ್ದರೆ ಬಂಡೆಗೇ ಶಾಲು ಹೊದಿಸಿ ಊಟಕ್ಕೆ ಏಳುತ್ತಿದ್ದರು.

ಈ ವರ್ಷದ ಸಮಾರಂಭಕ್ಕೆ ನನ್ನ ವಿದ್ಯಾರ್ಥಿನಿ, ಆದಿವಾಲದ ಕರಿಯಮ್ಮ ಬಂದಿದ್ದಳು. ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು, ಮರುದಿನ ಸಂಜೆಯೊಳಗೆ ಫೀಜು ಕಟ್ಟದಿದ್ದರೆ ಅದು ಬೇರೆಯವರ ಪಾಲು. ಅಧ್ಯಕ್ಷರು ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೊದವನ ಕಡೆ ತಿರುಗಿ ನಕ್ಕರು. ಆಮೇಲೆ ಮೈಕಿನಲ್ಲೇ ಹೇಳಿದರು: "ಈ ಸಲ ಖರ್ಚು ಜಾಸ್ತಿ ಬಂದೈತೆ. ಫೀಜಿನ ಮಾತು ದಸರಾ ಕಳೆದ ಮ್ಯಾಲೆ ನೋಡಾಣ, ತಾಯಿ."

ನಾನು ಸೀನಿದೆ. ಒಂಟಿ ಸೀನು! ಅಧ್ಯಕ್ಷರು ಅಪಶಕುನಕ್ಕೆ ಹೆದರಿ, ಇನ್ನೊಂದು ಬರಲಿ ಎಂದು ನನ್ನನ್ನೇ ನೋಡುತ್ತ ನಿಂತರು. ನನ್ನ ಸಿಟ್ಟಿನ ಪ್ರತಾಪ ಅಷ್ಟೇ.

ಅಷ್ಟರಲ್ಲಿ ಕರಿಯಮ್ಮನ ತಾಯಿ ಸಣ್ಣೀರಮ್ಮ ವೇದಿಕೆ ಹತ್ತಿ, ಮಗಳ ಹೆಗಲ ಮೇಲಿನ ಶಾಲು ತೆಗೆದು ಎತ್ತಿ ಹಿಡಿದಳು.

"ನಮ್ಮೂರಾಗೆ ಅಮ್ಮನಿಗೆ ಉಡಿಸಿದ ಸೀರೆ ಹರಾಜು ಹಾಕ್ತೀವಿ. ಇದು ಓದೋ ಹುಡುಗಿ ಮೈಮ್ಯಾಲಿನ ಶಾಲು. ಇದನ್ನೂ ಕೂಗ್ರಪ್ಪ!"

ದೇವಿಯ ಸೀರೆಯ ಹರಾಜಿನಲ್ಲಿ ಸುಮ್ಮನೆ ಕುಳಿತರೆ ನಮ್ಮವರಲ್ಲಿ ಮಾನ ಹೋದಂತೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಅತಿಥಿಯಾಗಿ ಬಂದಿದ್ದ ಭೀಮಸಮುದ್ರದ ಅಡಿಕೆ ಸಾಹುಕಾರರು ಏರಿಸಿದರು. ಇನ್ನು ಅಧ್ಯಕ್ಷರು ಬಾಯಿ ಮುಚ್ಚಿಕೊಂಡು ಇರುವುದು ಹೇಗೆ? ಬೆವರು ಒರೆಸಿಕೊಳ್ಳುತ್ತ ಕೂಗಿದರು, ಮತ್ತೆ ಕೂಗಿದರು. ಕೊನೆಗೆ ತಾವೇ ಹೊದಿಸಿದ ಶಾಲನ್ನು ಸ್ವಂತ ಜೇಬಿನ ದುಡ್ಡು ಕೊಟ್ಟು ಬಿಡಿಸಿಕೊಂಡರು. ವರ್ಷದ ಫೀಜು ಅಲ್ಲೇ ಹುಟ್ಟಿತು. ನಾನು ಕೈ ನೋಯುವಷ್ಟು ಚಪ್ಪಾಳೆ ಹೊಡೆದೆ.

ಆದರೆ ಆ ಮನುಷ್ಯ ನಾಚಿಕೊಂಡರೆಂದು ತಿಳಿಯಬೇಡಿ. ಶಾಲು ಹೆಗಲಿಗೇರಿಸಿ ಮತ್ತೆ ಮೈಕು ಹಿಡಿದರು. "ನೋಡಿದ್ರಾ, ನಮ್ಮ ಸಂಘ ಯಾರನ್ನೂ ಕೈ ಬಿಡಲ್ಲ! ಬಾರಮ್ಮ, ಸಂಘದ ಉಪಕಾರ ನೆನೆದು ಎರಡು ಮಾತಾಡು."

ಕರಿಯಮ್ಮ ಮೈಕಿನ ಹತ್ತಿರ ಬಂದಳು.

"ನನ್ನ ತಂಗಿ ಬರೋ ವರ್ಷ ಪಿಯುಸಿ ಮುಗಿಸ್ತಾಳ್ರಿ. ಅವಳ ಫೀಜು ಈಗ್ಲೇ ಎತ್ತಿಡ್ರಿ. ನಮ್ಮವ್ವ ಪ್ರತಿ ವರ್ಷ ಹರಾಜು ಕೂಗಕ್ಕೆ ಬರಲ್ಲ."